ಮುಯ್ಯಿಗೆ ಹೋದ ಕೈ

ಸಂಗೊಳ್ಳಿ
೪ ಆಗಸ್ಟ್ ೨೦೨೫, ಸೋಮವಾರ

ತಂಗಿ ಸಪ್ನಾಳಿಗೆ,

ಒಂದೇ ಓಣಿಯ ಗೆಳತಿ, ನಿನ್ನ ಮಹಾನಂದಕ್ಕ ಸಂಗೊಳ್ಳಿಯಿಂದ ಬರೆಯುವುದೇನೆಂದರೆ, ನಾನು ಚೆನ್ನಾಗಿದ್ದೇನೆ, ನೀನು ಚೆನ್ನಾಗಿರಬೇಕೆಂದು ಬೇಡುತ್ತೇನೆ, ಮತ್ತು ನಿನ್ನ ಮೇಲೆ ನನಗೆ ಹೇಳಲಾರದಷ್ಟು ಸಿಟ್ಟಿದೆ. ಆಶೀರ್ವಾದವೂ ಇದೆ. ಎರಡನ್ನೂ ಒಂದೇ ಲಕೋಟೆಗೆ ಹಾಕಿದ್ದೇನೆ, ಯಾವುದು ಮೊದಲು ಕೈಗೆ ಸಿಗುತ್ತದೋ ಅದನ್ನು ತೆಗೆದುಕೋ.

ಫೋನು ಬಿಟ್ಟು ಪತ್ರ ಯಾಕೆ ಎಂದು ಕೇಳಬೇಡ. ನಿನ್ನ ಫೋನು ಈಗ ಬಸವಲಿಂಗನ ಕಿಸೆಯಲ್ಲಿರುತ್ತದೆ. ನಾನು ಹಚ್ಚಿದಾಗಲೆಲ್ಲ ನಿನ್ನ ಗಂಡನೇ ಎತ್ತಿ, ಅವಳು ಜಳಕಕ್ಕೆ ಹೋಗಿದ್ದಾಳೆ ಎನ್ನುತ್ತಾನೆ. ಒಂದೂವರೆ ವರ್ಷದಿಂದ ಜಳಕ ಮಾಡುತ್ತಲೇ ಇದ್ದೀಯಲ್ಲ, ಸುರೇಬಾನದಲ್ಲಿ ಅಷ್ಟು ನೀರಿದೆಯೇ? ಈ ಪತ್ರವನ್ನೂ ಅವನೇ ಮೊದಲು ಒಡೆದರೆ ಒಡೆಯಲಿ. ಬಸವಲಿಂಗ, ಓದಿ ಮುಗಿಸಿದ ಮೇಲೆ ನಿನ್ನ ಹೆಂಡತಿಗೂ ಕೊಡಪ್ಪ. ನಿನ್ನ ಹತ್ತಿರ ಮುಚ್ಚಿಡುವಂಥದ್ದು ನನ್ನಲ್ಲೇನೂ ಉಳಿದಿಲ್ಲ.

ಅಕ್ಷರ ನೋಡಿ ನಗಬೇಡ. ಎಡಗೈ ಬರಹ. ಅಕ್ಷರ ಸೊಟ್ಟಗಿದ್ದರೂ ಮಾತು ನೆಟ್ಟಗಿದೆ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿವೆ, ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ಕೊಡ ಎತ್ತುತ್ತೇನೆ, ಕಸ ಹೊಡೆಯುತ್ತೇನೆ, ಸೀರೆಯ ನಿರಿಗೆಯನ್ನೂ ಹಿಡಿಯುತ್ತೇನೆ. ರೊಟ್ಟಿ ಬಡಿಯುವುದು ಮಾತ್ರ ಆಗುವುದಿಲ್ಲ. ನಮ್ಮ ಮನೆಯವರೇ ಈಗ ಬಡಿಯುತ್ತಾರೆ. ಮೊದಮೊದಲು ಅರ್ಜುನ ಬಡಿದ ರೊಟ್ಟಿ ನೋಡಿ ಓಣಿಯ ಹೆಂಗಸರು, ಇದು ರೊಟ್ಟಿಯೋ ಬೆಳಗಾವಿ ಜಿಲ್ಲೆಯ ನಕಾಶೆಯೋ ಎಂದು ಆಡಿಕೊಂಡರು. ಈಗ ಅವರ ರೊಟ್ಟಿ ನನ್ನದಕ್ಕಿಂತ ತೆಳ್ಳಗಾಗುತ್ತದೆ, ಅದು ನನಗೆ ಇನ್ನೊಂದು ಸಿಟ್ಟು.

ನೀನು ಈ ಸಲ ಪಂಚಮಿಗೂ ತವರಿಗೆ ಬರಲಿಲ್ಲವಂತೆ. ಯಾರು ಹೇಳಿದರು ಎಂದು ಕೇಳಬೇಡ, ಕೇಳಿದೆ ಅಷ್ಟೆ. ಉಂಡಿ ತಿನ್ನಲು, ಜೋಕಾಲಿ ಆಡಲು ಬಾರದ ಹೆಣ್ಣು ನಮ್ಮ ಸೀಮೆಯಲ್ಲಿ ಒಂದೋ ಬಾಣಂತಿ, ಇಲ್ಲವೆ ಏನನ್ನೋ ಬಚ್ಚಿಟ್ಟುಕೊಂಡವಳು. ನೀನು ಬಾಣಂತಿಯಲ್ಲ ಎಂಬುದು ನನಗೆ ಗೊತ್ತು.

ಇರಲಿ, ವಿಷಯಕ್ಕೆ ಬರುತ್ತೇನೆ. ಇದೇ ತಿಂಗಳು ಇಪ್ಪತ್ತೊಂದಕ್ಕೆ ಬೈಲಹೊಂಗಲದ ಕೋರ್ಟಿನಲ್ಲಿ ನನ್ನ ಪರಿಹಾರದ ಅರ್ಜಿಗೆ ಸಾಕ್ಷಿ ಹೇಳುವ ದಿನ. ನೀನು ಬರಬೇಕು. ಆ ದಿನ ನೀನು ಎಲ್ಲಿದ್ದೆ ಎಂಬ ಒಂದು ಮಾತನ್ನು ಹೇಳಬೇಕು. ಬೇರೇನೂ ನಾನು ಕೇಳುವುದಿಲ್ಲ.

ಆ ದಿನದ್ದನ್ನು ನೀನು ಮರೆತಿರಲಾರೆ. ಆದರೂ ಬರೆಯುತ್ತೇನೆ, ಯಾಕೆಂದರೆ ಸುಳ್ಳನ್ನು ನಾಲ್ಕು ಸಲ ಹೇಳಿದವರಿಗೆ ಐದನೇ ಸಲ ಅದೇ ನಿಜವೆನಿಸತೊಡಗುತ್ತದೆ.

ನನ್ನ ಕಡಲೆ ಹೊಲದಲ್ಲಿ ಕಳೆ ತೆಗೆಯಲು ನೀನು ಮುಯ್ಯಾಳಾಗಿ ಬಂದಿದ್ದೆ. ನೀನು ಕೂಲಿ ಕೇಳಲಿಲ್ಲ, ನಾನೂ ಕೊಡುತ್ತೇನೆ ಎನ್ನಲಿಲ್ಲ. ಇಂದು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ ಎಂಬುದು ನಮ್ಮವ್ವಂದಿರ ಕಾಲದಿಂದ ಬಂದ ರೀತಿ. ನಿನಗೆ ಹೊಲವಿಲ್ಲ, ಇದ್ದದ್ದು ಬೈಲಹೊಂಗಲದ ಜಿನ್ನಿನಲ್ಲಿ, ಬೀಜ ಬಿಡಿಸುವ ಮಿಷನ್ನಿಗೆ ಹತ್ತಿ ಉಣಿಸುವ ಕೆಲಸ. ಹಾಗಾಗಿ ನನ್ನ ಮುಯ್ಯಿ ಅಲ್ಲಿಯೇ ತೀರಬೇಕಿತ್ತು. ಕಟಕೋಳದಲ್ಲಿ ನಿಮ್ಮ ಅವ್ವನ ಕಣ್ಣಿನ ಪೊರೆ ತೆಗೆಸಿದ್ದರು, ಔಷಧ ಬಿಡಲು ನೀನು ಹೋಗಬೇಕಾಗಿತ್ತು. ಒಂದು ದಿನ ತಪ್ಪಿಸಿದರೂ ಆ ಹಂಗಾಮು ಮುಗಿಯುವವರೆಗೆ ಮಿಷನ್ನಿನ ಮುಂದೆ ಇನ್ನೊಬ್ಬಳು ಕೂರುತ್ತಾಳೆ. ಅದಕ್ಕೇ ನೀನಷ್ಟೇ ಅಲ್ಲ, ಅಲ್ಲಿನ ಎಲ್ಲ ಹೆಂಗಸರೂ ತಂಗಿಯನ್ನೋ ನೆಗೆಣ್ಣಿಯನ್ನೋ ಬದಲಿ ಕಳಿಸುತ್ತಿದ್ದರು. ಹಾಜರಿಯಲ್ಲಿ ಹೆಸರು ನಿನ್ನದೇ ಇರುತ್ತಿತ್ತು, ದುಡಿಯುವವಳು ಯಾರಾದರೂ ನಡೆಯುತ್ತಿತ್ತು.

ದಿವಾನಜಿ ಶಂಕ್ರೆಪ್ಪನಿಗೆ ಇದು ಗೊತ್ತಿರಲಿಲ್ಲವೇ? ಗೇಟಿನಲ್ಲಿ ನಿಂತು ಲೆಕ್ಕ ಬರೆಯುವವನೇ ಅವನು. ನಾನು ಕದ್ದು ಒಳಗೆ ಹೋದವಳಲ್ಲ. ಸಪ್ನಾನ ಬದಲಿ ಬಂದಿದ್ದೇನೆ, ನನ್ನ ಹೆಸರು ಮಹಾನಂದಾ ಎಂದು ಹೇಳಿದೆ. ಅವನು ಮುಖ ಕೂಡ ಎತ್ತಲಿಲ್ಲ.

"ಹೆಸರ ತಗೊಂಡ ನಾ ಏನ ಮಾಡ್ಲೆವಾ? ನನಗ ಮಿಷನ್ ಮುಂದ ಎರಡ ಕೈ ಬೇಕು. ನಡಿ ಒಳಗ" ಎಂದ.

ಮಧ್ಯಾಹ್ನ ಬಂದ ಹತ್ತಿ ಹಸಿಯಾಗಿತ್ತು. ರೋಲರಿಗೆ ಸುತ್ತಿಕೊಂಡು ಮಿಷನ್ನು ತಿಣುಕತೊಡಗಿತು. ಕೈ ಸಿಗದಂತೆ ಅದರ ಮುಂದೆ ಇರಬೇಕಾದ ಜಾಳಿಗೆಯನ್ನು, ಕೆಲಸ ಸಾವಕಾಶವಾಗುತ್ತದೆ ಎಂದು ಹಂಗಾಮು ಶುರುವಾದಾಗಲೇ ಬಿಚ್ಚಿಟ್ಟಿದ್ದರು. ನೀವೆಲ್ಲ ಕೈಯಿಂದಲೇ ತಳ್ಳುತ್ತಿದ್ದಿರಿ. ಪಕ್ಕದವಳು ತಳ್ಳುವುದನ್ನು ನೋಡಿ ನಾನೂ ತಳ್ಳಿದೆ. ಮೊದಲು ನೋವೇ ಆಗಲಿಲ್ಲ. ಯಾರೋ ಗಟ್ಟಿಯಾಗಿ ಕೈ ಹಿಡಿದು ಒಳಗೆ ಕರೆದಂತಾಯಿತು, ಅಷ್ಟೆ. ಸ್ವಿಚ್ಚು ಶೆಡ್ಡಿನ ಆ ತುದಿಗಿತ್ತು. ಹೆಂಗಸರು, ಸಪ್ನಾನ ಮಿಷನ್ ಬಂದ್ ಮಾಡ್ರಿ, ಸಪ್ನಾನ ಮಿಷನ್ ಎಂದು ಕೂಗುತ್ತಿದ್ದರು. ಆ ಗದ್ದಲದಲ್ಲಿ ನಾನು ನಿನ್ನ ಹೆಸರು ಕೇಳುತ್ತಲೇ ಎಚ್ಚರ ತಪ್ಪಿದೆ.

ಮುಂದಿನದನ್ನು ನನಗೆ ಹೇಳಿದವಳು ನೀನೇ. ದವಾಖಾನೆಯಲ್ಲಿ ನನ್ನ ಕಾಲ ಬಳಿ ಕೂತು, ಮೂಗು ಒರೆಸಿಕೊಳ್ಳುತ್ತಾ ಹೇಳಿದೆ. ಕೂಗು ಕೇಳಿದ ದಿವಾನಜಿ, ನಿನ್ನ ಮನೆಯವರಿಗೆ ತಿಳಿಸಲೆಂದು ಹಾಜರಿಯಲ್ಲಿದ್ದ ನಂಬರಿಗೆ ಫೋನು ಹಚ್ಚಿದ್ದಾನೆ. ಸಪ್ನಾನ ಕೈ ಮಿಷನ್ನಿಗೆ ಸಿಕ್ಕಿದೆ, ಯಾರಾದರೂ ಲಗು ಬನ್ನಿ ಎಂದಿದ್ದಾನೆ. ಆ ನಂಬರು ನಿನ್ನದೇ. ಕಟಕೋಳದಲ್ಲಿ ಕೂತು ಅದನ್ನು ಎತ್ತಿದವಳೂ ನೀನೇ. ನೀನು ಅವನಿಗೆ ಕೊಟ್ಟ ಉತ್ತರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ನಾನ ಸಪ್ನಾ ಮಾತಾಡಾಕತ್ತೇನ್ರಿ. ನನ್ನ ಕೈ ಇಲ್ಲೇ ಅದಾವಲ್ರಿ."

ದಿವಾನಜಿ ತಟ್ಟನೆ ಫೋನು ಇಟ್ಟನಂತೆ. ಅಷ್ಟರಲ್ಲೇ ಅವನ ತಲೆಯಲ್ಲಿ ಲೆಕ್ಕ ಕೂಡಿರಬೇಕು. ಹಾಜರಿಯ ಪ್ರಕಾರ ಆ ದಿನ ದುಡಿದವಳು ನೀನು, ನಿನಗೆ ಏನೂ ಆಗಿಲ್ಲ. ಕೈ ಹೋದವಳು ಹಾಜರಿಯಲ್ಲೇ ಇಲ್ಲ. ಅಂದರೆ ಜಿನ್ನಿನಲ್ಲಿ ಯಾರಿಗೂ ಪೆಟ್ಟಾಗಿಲ್ಲ! ಆ ಸಂಜೆ ಮಿಷನ್ನಿಗೆ ನೀರು ಹೊಡೆದು, ಲಿಂಬೆಹಣ್ಣು ಕೊಯ್ದು, ಕಾಯಿ ಒಡೆದು ಪೂಜೆ ಮಾಡಿದರು. ನನ್ನನ್ನು ದವಾಖಾನೆಗೆ ಒಯ್ದ ಆಟೋದವನಿಗೆ ಅರ್ಜುನನೇ ಬಾಡಿಗೆ ಕೊಟ್ಟರು.

ನೀನು ದವಾಖಾನೆಗೆ ಬಂದದ್ದು ಎರಡೇ ಸಲ. ನಾನು ಮನೆಗೆ ಬರುವಷ್ಟರಲ್ಲಿ ನಿಮ್ಮ ಬಾಗಿಲಿಗೆ ಕೀಲಿ ಬಿದ್ದಿತ್ತು. ಜಿನ್ನಿನ ಸಾಹುಕಾರರು ಬಸವಲಿಂಗನಿಗೆ ಸುರೇಬಾನದ ಗೋದಾಮಿನ ಜವಾಬ್ದಾರಿ ಕೊಟ್ಟು, ಇರಲು ಖೋಲಿಯನ್ನೂ ಕೊಟ್ಟರೆಂದು ಓಣಿಯವರು ಹೇಳಿದರು. ಅದಕ್ಕೂ ಮೊದಲು ನಿನ್ನನ್ನು ಆಫೀಸಿಗೆ ಕರೆಸಿ, ಯಲ್ಲವ್ವನ ಪಟದ ಮುಂದೆ ಅರಿಸಿನದ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದರೆಂದು ಬಸವಲಿಂಗನೇ ಅರ್ಜುನನ ಮುಂದೆ ಬಾಯಿ ಬಿಟ್ಟಿದ್ದಾನೆ. ಆ ದಿನ ಮಿಷನ್ನಿನ ಮುಂದೆ ಸಪ್ನಾ ಆದ ನಾನೇ ಇದ್ದೆ, ಮಹಾನಂದಾ ನನಗೆ ಬುತ್ತಿ ಕೊಡಲು ಬಂದವಳು, ಆಟಕ್ಕೆಂದು ಮಿಷನ್ನಿಗೆ ಕೈ ಹಾಕಿದಳು. ಇದೇ ಅಲ್ಲವೇ ಅವರು ನಿನ್ನಿಂದ ಹೇಳಿಸಿದ್ದು?

ಮಕ್ಕಳನ್ನು ಹೆತ್ತವಳು, ಒಪ್ಪತ್ತು ಕೂಡ ಪುರುಸೊತ್ತಿಲ್ಲದವಳು, ಮಿಷನ್ನಿನ ಜೊತೆ ಆಟ ಆಡಲು ಸಂಗೊಳ್ಳಿಯಿಂದ ಬಸ್ಸು ಹತ್ತಿ ಹೋಗಿದ್ದೆ ನೋಡು.

ಭಂಡಾರ ಎಂದರೆ ನೀನು ನಡುಗುತ್ತೀ ಎಂದು ನನಗೆ ಗೊತ್ತು. ನಾನೂ ಅದನ್ನು ಹಣೆಗೆ ಹಚ್ಚಿಕೊಂಡೇ ಬೆಳೆದವಳು. ಮುಟ್ಟಿ ಆಡಿದ ಮಾತಿಗೆ ತಪ್ಪಿದರೆ ಮನೆ ಹಾಳಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಸಪ್ನಾ, ಸುಳ್ಳನ್ನು ಕಾಯುವುದಕ್ಕೆ ಯಲ್ಲವ್ವನನ್ನು ಗೇಟಿನ ವಾಚಮನ್ ಮಾಡಿದವರು ಅವರು. ಪಾಪವಿದ್ದರೆ ಭಂಡಾರದ ಬಟ್ಟಲು ಹಿಡಿದ ಕೈಗೆ ಮೊದಲು ಹತ್ತಲಿ. ಆ ತಾಯಿಯ ಕಥೆ ನಿನಗೂ ಗೊತ್ತು. ಗಂಡ ಹೇಳಿದನೆಂದು ಹೆತ್ತ ಮಗನೇ ಅವಳ ತಲೆ ಕಡಿದ. ತಲೆಯನ್ನೇ ಕಳೆದುಕೊಂಡವಳಿಗೆ ಬೆರಳು ಕಳೆದುಕೊಂಡವಳ ಸಂಕಟ ತಿಳಿಯುವುದಿಲ್ಲವೇ? ಅವಳು ಸಾಹುಕಾರರ ಪಟದಲ್ಲಿ ಕೂತಿದ್ದಾಳೆಂದು ಸಾಹುಕಾರರ ಪಗಾರದ ಆಳಾಗಲಿಲ್ಲ. ನಿನಗೆ ಅಷ್ಟು ಹೆದರಿಕೆಯಿದ್ದರೆ ಇಬ್ಬರೂ ಕೂಡಿ ಸವದತ್ತಿ ಗುಡ್ಡಕ್ಕೆ ಹೋಗೋಣ, ತಪ್ಪುಗಾಣಿಕೆ ಒಪ್ಪಿಸೋಣ. ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ.

ಸಾಹುಕಾರರ ಧರ್ಮಬುದ್ಧಿಯನ್ನೂ ಕೇಳು. ಗಾಯ ಒಣಗಿದ ಮೇಲೆ ದಿವಾನಜಿಯ ಕೂಡ ನಾಲ್ಕು ಮಂದಿ ಹಿರಿಯರು ನಮ್ಮ ಮನೆಗೆ ಬಂದರು. ತಮ್ಮ ಜಿನ್ನಿಗೂ ನನಗೂ ಸಂಬಂಧವಿಲ್ಲವಾದರೂ ಮಾನವೀಯತೆಯಿಂದ ಸಹಾಯ ಮಾಡುತ್ತಾರಂತೆ. ಏನು ತಂದಿದ್ದರು ಹೇಳು? ಹೊಲಿಗೆ ಮಿಷನ್ನು. ಬಲಗೈಯ ಮೂರು ಬೆರಳು ಹೋದವಳಿಗೆ ಹೊಲಿಗೆ ಮಿಷನ್ನು! ಜೊತೆಗೊಂದು ಕಾಗದ. ಇನ್ನು ಮುಂದೆ ಎಲ್ಲಿಯೂ ತಕರಾರು ಮಾಡುವುದಿಲ್ಲ ಎಂದು ಹೆಬ್ಬೆಟ್ಟು ಒತ್ತಬೇಕಂತೆ. ಹೆಬ್ಬೆಟ್ಟು ಉಳಿದಿದೆಯಲ್ಲ, ಅದರ ಮೇಲೇ ಅವರ ಕಣ್ಣು. ಅರ್ಜುನ ತಲೆ ತಗ್ಗಿಸಿ ಕೂತಿದ್ದರು. ದೊಡ್ಡವರ ಸಂಗಡ ಜಿದ್ದು ಬೇಡ, ಬಂದಷ್ಟು ಬರಲಿ ಎಂಬುದು ಅವರ ಮನಸ್ಸಿನಲ್ಲಿತ್ತು. ನಾನು ಕಾಗದವನ್ನು ಮುಟ್ಟಲಿಲ್ಲ. ಅವರು ಮಿಷನ್ನನ್ನು ಪಡಸಾಲೆಯಲ್ಲೇ ಬಿಟ್ಟು ಹೋದರು.

ಮಾರನೆಯ ದಿನ ಅದನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಜಿನ್ನಿಗೆ ಹೋದೆ. ಹತ್ತಿ ಗಾಡಿಗಳು ತೂಕಕ್ಕೆ ಸಾಲಾಗಿ ನಿಂತಿದ್ದವು. ಟಂಟಂದವನ ಕೈಯಿಂದ ನೆಟ್ಟಗೆ ಕಾಂಟಾದ ಮೇಲೇ ಇಳಿಸಿದೆ. ದಿವಾನಜಿ ಓಡಿ ಬಂದ. ಅಷ್ಟೂ ಗಾಡಿಯವರು ಕೇಳುವ ಹಾಗೆ ಅವನಿಗೆ ಹೇಳಿದೆ:

"ದಿವಾನಜಿಯವರ, ಇದನ್ನ ತೂಕ ಮಾಡ್ರಿ. ಇದರ ಎದುರಿಗಿ ನನ್ನ ಮೂರು ಬೆರಳ ಎಷ್ಟ ತೂಗತಿದ್ದವು ಅನ್ನೂದನ್ನೂ ಬರಕೋರ್ರಿ."

ಒಬ್ಬ ಮುದುಕ ಗಾಡಿಯಿಂದ ಇಳಿದು ಬಂದು, ನನ್ನನ್ನು ನೆರಳಿಗೆ ಕರೆದು ನೀರು ಕೊಟ್ಟ. ಮನೆಗೆ ಬಂದು ಗಂಡನಿಗೆ ಹೇಳಿದೆ, ಸಾಹುಕಾರರು ಕೊಟ್ಟರೆ ಸೆರಗೊಡ್ಡಿ ತೆಗೆದುಕೊಳ್ಳಬೇಕು, ಕೋರ್ಟು ಕೊಟ್ಟರೆ ನಿಂತು ತೆಗೆದುಕೊಳ್ಳಬಹುದು ಎಂದು. ಅವತ್ತಿನಿಂದ ಅವರು ರಾಜಿಯ ಮಾತೆತ್ತಿಲ್ಲ. ರೊಟ್ಟಿ ಬಡಿಯುವುದನ್ನು ಕಲಿತದ್ದೂ ಆ ವಾರದಿಂದಲೇ.

ಬೈಲಹೊಂಗಲದ ವಕೀಲಬಾಯಿಯವರು ನನ್ನ ಅರ್ಜಿ ಹಾಕಿದ್ದಾರೆ. ಸಣ್ಣ ವಯಸ್ಸು, ಮಾತು ಖಡಕ್. ಹಾಜರಿಯಲ್ಲಿ ಯಾರ ಹೆಸರಿದೆ ಎಂಬುದೊಂದೇ ಮುಖ್ಯವಲ್ಲ, ನಿಮ್ಮನ್ನು ಮಿಷನ್ನಿನ ಮುಂದೆ ಕೂರಿಸಿದವರು ಯಾರು, ಯಾರ ಕೆಲಸ ಮಾಡುವಾಗ ಪೆಟ್ಟಾಯಿತು ಎಂಬುದು ಮುಖ್ಯ ಎನ್ನುತ್ತಾರೆ. ಅದನ್ನು ತೋರಿಸಿದರೆ ಸಾಹುಕಾರರು ಪರಿಹಾರ ಕೊಡಲೇಬೇಕಂತೆ, ಅದು ಕಾಯ್ದೆಯಂತೆ. ಆದರೆ ನೀನು ಆ ದಿನ ಅಲ್ಲಿರಲಿಲ್ಲ ಎಂಬುದು ಮೊದಲು ಸಾಬೀತಾಗಬೇಕು. ನೀನು ಅಲ್ಲಿದ್ದರೆ ನಾನು ಬುತ್ತಿಯವಳು. ನೀನು ಇಲ್ಲದಿದ್ದರೆ ನಾನು ದುಡಿದವಳು. ಜಿನ್ನಿನ ಉಳಿದ ಹೆಂಗಸರನ್ನು ಕೇಳಿದೆ. ಮುಂದಿನ ಹಂಗಾಮಿಗೆ ಅವರೂ ಅದೇ ಗೇಟಿನೊಳಗೆ ಹೋಗಬೇಕು, ಯಾರೂ ಬಾಯಿ ಬಿಡುತ್ತಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಾರೂ ನನ್ನ ಹೊಲದಲ್ಲಿ ನನ್ನ ಬುತ್ತಿ ಬಿಚ್ಚಿ ಉಂಡವರಲ್ಲ.

ಹೋದ ತಾರೀಖಿಗೆ ನನ್ನನ್ನು ಕಟಕಟೆಗೆ ಕರೆದರು. ಜಿನ್ನಿನ ವಕೀಲರು ಬಲು ಮೆತ್ತಗೆ, ಆ ದಿನದ ಕೂಲಿ ನಿಮಗೆ ಯಾರು ಕೊಟ್ಟರು ಎಂದು ಕೇಳಿದರು. ಯಾರೂ ಕೊಡಲಿಲ್ಲ, ಅದು ಮುಯ್ಯಿ ಎಂದೆ. ಹಾಗಾದರೆ ನೀವು ಗೆಳತಿಗೆ ಉಪಕಾರ ಮಾಡಲು ಹೋದಿರಿ, ಸಾಹುಕಾರರ ಆಳಾಗಿ ಹೋಗಲಿಲ್ಲ, ಹೌದೋ ಅಲ್ಲವೋ ಎಂದರು. ಹೌದು ಎಂದರೂ ಕಷ್ಟ, ಅಲ್ಲ ಎಂದರೂ ಕಷ್ಟ. ನನಗೆ ಮೈಯೆಲ್ಲ ಉರಿಯಿತು.

"ಹೌದ್ರಿ, ನನ್ನ ಗೆಳತಿಗೆ ಉಪಕಾರ ಮಾಡಾಕ ಹೋಗಿದ್ನಿ. ಆದ್ರ ಅಂವತ್ತ ನಾ ಬಿಡಿಸಿದ ಹತ್ತಿ ನನ್ನ ಗೆಳತಿ ಮನಿಗಿ ಹೋಗಲಿಲ್ರಿ, ಸಾಹುಕಾರ್ರ ಗೋದಾಮಿಗಿ ಹೋತು" ಎಂದೆ.

ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು ಎಂದು ಜಡ್ಜ್ ಸಾಹೇಬರು ನನ್ನನ್ನು ಗದರಿದರು. ಆದರೆ ನಾನು ಹೇಳಿದ್ದನ್ನು ಬರೆಸಿಕೊಂಡರು ಕೂಡ. ಹೊರಗೆ ಬಂದಾಗ ಮೆಟ್ಟಿಲನ್ನು ಅರ್ಜುನನ ತೋಳು ಹಿಡಿದೇ ಇಳಿದೆ. ಅದನ್ನು ಯಾರೂ ನೋಡಲಿಲ್ಲ, ಆದರೂ ನಿನಗೆ ಹೇಳುತ್ತಿದ್ದೇನೆ.

ನಿನ್ನ ಹೆದರಿಕೆ ನನಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡ. ಖೋಲಿ ಹೋದರೆ, ಬಸವಲಿಂಗನ ಕೆಲಸ ಹೋದರೆ ಎಲ್ಲಿ ಇರುವುದು ಎಂಬ ಚಿಂತೆ. ನಮ್ಮ ಪಡಸಾಲೆ ಈಗ ಖಾಲಿಯಿದೆ, ಅಲ್ಲಿದ್ದ ಹೊಲಿಗೆ ಮಿಷನ್ನು ಹೋಯಿತಲ್ಲ. ಬಂದು ಇರಿ. ಅರ್ಜುನ ಇನ್ನೆರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಾರೆ. ನಿನಗೆ ಸಮನ್ಸು ಕಳಿಸಿ ಕರೆಸೋಣ ಎಂದು ವಕೀಲಬಾಯಿ ಹೇಳಿದರು. ನಾನೇ ತಡೆದೆ. ಕೋರ್ಟಿನ ಜವಾನ ಕರೆದನೆಂದು ನೀನು ಬರುವುದು ನನಗೆ ಬೇಕಾಗಿಲ್ಲ. ನಾನು ಕರೆದೆನೆಂದು ಬರಬೇಕು. ನಿನ್ನ ಮಿಷನ್ನಿನ ಮುಂದೆ ಕೂರಲು ನೀನು ಕರೆದಾಗ ನಾನು ಹಾಗೆಯೇ ಬಂದಿದ್ದೆ.

ನೀನು ಬಾರದಿದ್ದರೆ ನಾನು ಸೋಲಬಹುದು. ಸೋತರೆ ಬೆಂಗಳೂರಿನ ದೊಡ್ಡ ಕೋರ್ಟಿಗೋ ಧಾರವಾಡದ್ದಕ್ಕೋ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತೇನೆ. ದಾರಿ ಗೊತ್ತಿಲ್ಲ, ಕೇಳಿಕೊಂಡು ಹೋಗುತ್ತೇನೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಮಾಡಿದವರು, ಕೈಯೇ ಹೋದರೆ ಬಾಯಿಗೇನು ಎಂದು ಹೇಳಲಿಲ್ಲ. ನಾನು ಹೇಳುತ್ತೇನೆ, ಕೈ ಹೋದವಳಿಗೆ ಬಾಯಿಯಾದರೂ ಇರಬೇಕು. ನನ್ನದು ಇದೆ. ನಿನ್ನದನ್ನು ತೆಗೆದುಕೊಂಡು ಬಾ.

ಮುಂಜಾನೆ ರಾಮದುರ್ಗಕ್ಕೆ ಬಂದರೆ ಅಲ್ಲಿಂದ ಬಸ್ಸು ಸಿಗುತ್ತದೆ. ನಾನು ಕೋರ್ಟಿನ ಮುಂದಿನ ಚಹಾದಂಗಡಿಯ ಬಳಿ ಇರುತ್ತೇನೆ. ಹಸಿರು ಸೀರೆ ಉಟ್ಟಿರುತ್ತೇನೆ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿರುವುದಿಲ್ಲ.

ಸಿಟ್ಟು, ಅಕ್ಕರೆ ಎರಡರಿಂದಲೂ,
ನಿನ್ನ ಅಕ್ಕ
ಮಹಾನಂದಾ

ತಾ.ಕ. — ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಒಡೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನೀನು ಬಾರದಿದ್ದರೆ ಸೋಲಬಹುದು ಎಂದದ್ದು ನಿನ್ನನ್ನು ಎಳೆದು ತರಲು. ನನಗೆ ಸಾಕ್ಷಿ ಸಿಕ್ಕಿದೆ. ಇಪ್ಪತ್ತೊಂದಕ್ಕೆ ಕಟಕಟೆಗೆ ಏರುವವಳು ನಿಮ್ಮ ಅವ್ವ ರಾಚವ್ವ.

ಪಂಚಮಿಯ ದಿನ ನಾನು ಕಟಕೋಳಕ್ಕೆ ಹೋಗಿದ್ದೆ. ನೀನು ಬಂದಿರುತ್ತೀ, ಎದುರಾ ಎದುರು ಜಗಳ ಮಾಡೋಣ ಎಂದು ಹೋದೆ. ನೀನಿರಲಿಲ್ಲ. ನಿನಗೆಂದು ಕಟ್ಟಿಟ್ಟ ಶೇಂಗಾ ಉಂಡಿಯನ್ನು ನಿಮ್ಮ ಅವ್ವ ನನ್ನ ಬಾಯಿಗೆ ಇಟ್ಟಳು. ಆಮೇಲೆ ನನ್ನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ನಾನು ಏನನ್ನೂ ಕೇಳಲಿಲ್ಲ, ಅವಳೇ ಹೇಳಿದಳು:

"ಆ ಫೋನ್ ಬಂದಾಗ ಸಪ್ನಾ ನನ್ನ ಕಣ್ಣಾಗ ಔಷಧ ಬಿಡಾಕತ್ತಿದ್ಲು. ಮಗಳ ಕೈ ಹೋತು ಅಂದದ್ದ ಕೇಳಿ ನಾ ಅಕಿ ಎರಡೂ ಕೈ ಹಿಡಕೊಂಡು ಕುಂತ್ನಿ, ದೇವರ ದೊಡ್ಡಂವ ಅಂದ್ನಿ. ಇನ್ನೊಬ್ಬಾಕಿ ಕೈ ಹೋಗಿತ್ತು, ನಾ ದೇವರ ದೊಡ್ಡಂವ ಅಂದ್ನಿ. ಅದನ್ನ ನಾ ಕೋರ್ಟಿನ್ಯಾಗ ಹೇಳತೇನಿ."

ನಿನಗೆ ತಿಳಿಸಬಾರದು ಎಂದು ಆಣೆ ಹಾಕಿದ್ದಾಳೆ. ಬರೆಯಬೇಡಿ ಎಂದು ವಕೀಲಬಾಯಿಯೂ ಹೇಳಿದ್ದಾರೆ. ಬಸವಲಿಂಗ ಓದಿ ಸಾಹುಕಾರರಿಗೆ ಮುಟ್ಟಿಸಿದರೆ ಮುಟ್ಟಿಸಲಿ. ಹೋಗಿ ರಾಚವ್ವನಿಗೂ ಭಂಡಾರ ಮುಟ್ಟಿಸಲು ನೋಡಲಿ, ಬಟ್ಟಲು ಅವರ ತಲೆಯ ಮೇಲೇ ಬೀಳುತ್ತದೆ. ನಾನು ಗೆಲ್ಲುತ್ತೇನೆ ಸಪ್ನಾ. ಆದರೆ ಹೆತ್ತ ತಾಯಿ ನಾಲ್ಕು ಜನರ ಮುಂದೆ ನಿಂತು, ನನ್ನ ಮಗಳು ಹೇಳುವುದು ಸುಳ್ಳು ಎಂದು ಹೇಳಿ ನಾನು ಗೆದ್ದರೆ, ಆ ಹಣದ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಕೋರ್ಟಿನಲ್ಲಿ ಮೊದಲು ಹೆಸರು ಕೂಗುತ್ತಾರೆ. ಅವಳ ಹೆಸರು ಕೂಗುವುದರೊಳಗೆ ನೀನು ಎದ್ದು ನಿಲ್ಲು.